ಎಡಕ್ಕೆ ಹೋಗಬೇಕೆ? ಹ್ಯಾಂಡಲ್ ಬಲಕ್ಕೆ ತಿರುಗಿಸಿ!

ಅಮೆರಿಕದ ಸ್ಯಾನ್ ಡಿಯಾಗೋ ನಗರದ ಉತ್ತರದ ಅಂಚಿಗೆ ರಾಂಚೊ ಬರ್ನಾರ್ಡೊ ಎಂಬ ಬಡಾವಣೆಯಿದೆ. ಒಂದು ಮಗ್ಗುಲಲ್ಲಿ ಲೇಕ್ ಹಾಜಸ್ ಜಲಾಶಯ, ಊರನ್ನು ಸೀಳಿಕೊಂಡು ಓಡುವ ಇಂಟರ್‌ಸ್ಟೇಟ್ 15 ಹೆದ್ದಾರಿ. ಅಲ್ಲಿ ನೆಲೆಸಿರುವ ಕನ್ನಡಿಗ ಓದುಗರೊಬ್ಬರು ಎರಡು ಪ್ರಶ್ನೆ ಕಳಿಸಿದ್ದಾರೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಬೈಕ್ ಓಡಿಸಿದವರು ಅವರು. ಅಮೆರಿಕಕ್ಕೆ ಹೋಗಿ ಬೈಕ್ ತರಬೇತಿಗೆ ಸೇರಿದರೆ, "ಎಡಕ್ಕೆ ಹೋಗಬೇಕಾದರೆ ಎಡಗೈ ಹಿಡಿಯನ್ನು ಮುಂದಕ್ಕೆ ಒತ್ತಿ" ಎಂದು ಪಾಠ ಶುರುವಾಯಿತಂತೆ. ಎಡ ಹಿಡಿಯನ್ನು ಒತ್ತಿದರೆ ಮುಂದಿನ ಚಕ್ರ ಬಲಕ್ಕೆ ತಾನೆ ತಿರುಗುವುದು? ಇದೆಂಥ ಪಾಠ? ಇದು ಮೊದಲ ಪ್ರಶ್ನೆ. ಎರಡನೆಯದು ಊರಿನಿಂದ ಅವರ ತಾಯಿ ಫೋನಿನಲ್ಲಿ ಹೇಳುವ ಮಾತಿನ ಬಗ್ಗೆ: "ರಾತ್ರಿ ಹೊತ್ತು ಗಾಡಿ ಓಡಿಸ್ತೀಯಪ್ಪ, ದಿನಾ ಕ್ಯಾರೆಟ್ ತಿನ್ನು."

ತರಬೇತುದಾರ ಹೇಳಿದ್ದು ಅಕ್ಷರಶಃ ನಿಜ. ತಾಯಿ ಹೇಳಿದ್ದು ಅರ್ಧ ನಿಜ.

ಅಂಗೈ ಮೇಲೆ ಉದ್ದನೆಯ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿಕೊಂಡವರಿಗೆ ಈ ಗುಟ್ಟು ಬೇಗ ಹೊಳೆಯುತ್ತದೆ. ಕೋಲಿನ ಜೊತೆ ಎಡಕ್ಕೆ ಸಾಗಬೇಕಾದರೆ ಮೊದಲು ಕೋಲು ಎಡಕ್ಕೆ ವಾಲಬೇಕು. ಅದು ವಾಲಬೇಕಾದರೆ ಅಂಗೈ ಚೂರು ಬಲಕ್ಕೆ ಸರಿಯಬೇಕು. ಬೈಕಿನದೂ ಇದೇ ಕಥೆ. ಸವಾರ ಎಡ ಹಿಡಿಯನ್ನು ಒತ್ತಿದಾಗ ಮುಂದಿನ ಚಕ್ರ ಕೂದಲೆಳೆಯಷ್ಟು ಬಲಕ್ಕೆ ತಿರುಗುತ್ತದೆ, ಟಯರು ನೆಲ ಮುಟ್ಟುವ ಜಾಗ ಬಲಕ್ಕೆ ಜಾರುತ್ತದೆ, ಮೇಲಿನ ಭಾರ ಎಡಕ್ಕೆ ವಾಲುತ್ತದೆ. ವಾಲಿದ ಮರುಕ್ಷಣವೇ ಚಕ್ರ ತಾನಾಗಿ ಎಡಕ್ಕೆ ಹೊರಳಿ ತಿರುವಿನೊಳಗೆ ಕೂರುತ್ತದೆ. ಬಲಕ್ಕೆ ಆದ ಆ ಮೊದಲ ಸರಿದಾಟ ಸೆಕೆಂಡಿನ ಒಂದು ಚೂರಿನಲ್ಲಿ ಮುಗಿದುಹೋಗುವುದರಿಂದ ಕಣ್ಣಿಗೆ ಕಾಣುವುದು ಎಡಕ್ಕೆ ಹೊರಳಿದ ಚಕ್ರ ಮಾತ್ರ. ಬೈಕ್ ಜನರು ಇದನ್ನು ಕೌಂಟರ್‌ಸ್ಟಿಯರಿಂಗ್ ಎನ್ನುತ್ತಾರೆ. ನಡಿಗೆಯ ವೇಗದಲ್ಲಿ ಇದು ಗೊತ್ತೇ ಆಗುವುದಿಲ್ಲ. ವೇಗ ಏರಿದಂತೆ ಹಿಡಿಯ ಮೇಲೆ ಸ್ಪಷ್ಟವಾಗಿ ಕೈಗೆ ಸಿಗುತ್ತದೆ.

ಸೋಜಿಗವೆಂದರೆ, ಸೈಕಲ್ ಕಲಿತ ಪ್ರತಿ ಮಗುವೂ ಇದನ್ನು ಮಾಡುತ್ತದೆ, ಮಾಡುತ್ತಿದ್ದೇನೆಂದು ಯಾರಿಗೂ ಗೊತ್ತಿರುವುದಿಲ್ಲ. ವಿಮಾನ ಹಾರಿಸುವ ಮೊದಲು ಅಣ್ಣತಮ್ಮಂದಿರು ಸೇರಿ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದರಲ್ಲ, ಆ ವಿಲ್ಬರ್ ರೈಟ್ ಹತ್ತಾರು ಸವಾರರನ್ನು "ಎಡಕ್ಕೆ ಹೇಗೆ ತಿರುಗುತ್ತೀರಿ?" ಎಂದು ಕೇಳಿ ನೋಡಿದ್ದ. ಮೊದಲ ಸಲಕ್ಕೆ ಪೂರ್ತಿ ಸರಿಯಾಗಿ ಹೇಳಿದವರು ಒಬ್ಬರೂ ಸಿಗಲಿಲ್ಲ. ನಮ್ಮ ಗ್ಯಾರೇಜು, ಟೀ ಅಂಗಡಿಗಳಲ್ಲಿ ಇಂದು ಕೇಳಿದರೂ "ಮೈ ವಾಲಿಸಿದರೆ ಸಾಕು, ಗಾಡಿ ತಾನೇ ತಿರುಗುತ್ತೆ" ಎಂಬ ಉತ್ತರವೇ ಬರುತ್ತದೆ. ಈ ನಂಬಿಕೆಯನ್ನು ಮುರಿಯಲೆಂದೇ ಕೀತ್ ಕೋಡ್ ಒಂದು ವಿಚಿತ್ರ ಗಾಡಿ ಕಟ್ಟಿಸಿದರು. 1980ರಲ್ಲಿ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಆರಂಭಿಸಿದವರು ಇವರು. ಅವರು ಕಟ್ಟಿಸಿದ ಬೈಕಿಗೆ ಮಾಮೂಲಿ ಹ್ಯಾಂಡಲ್ ಜೊತೆಗೆ ಚಾಸಿಗೇ ಬಿಗಿದ, ಅಲುಗಾಡದ ಇನ್ನೊಂದು ಹ್ಯಾಂಡಲ್. ಅದನ್ನು ಹಿಡಿದು ಸವಾರ ಎಷ್ಟು ಬೇಕಾದರೂ ಮೈ ಬಗ್ಗಿಸಲಿ, ಬೈಕು ಸ್ವಲ್ಪ ಓಲಾಡಿ ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ. ಎದುರಿಗೆ ಬಂದ ಗುಂಡಿಯನ್ನು ತಪ್ಪಿಸುವಂಥ ತಿರುವು ಅದರಿಂದ ಹುಟ್ಟುವುದಿಲ್ಲ.

"ಚಕ್ರ ಬುಗುರಿಯಂತೆ ತಿರುಗುವುದರಿಂದಲೇ ಗಾಡಿ ಬೀಳುವುದಿಲ್ಲ" ಎಂಬ ಇನ್ನೊಂದು ನಂಬಿಕೆಯೂ ಪಠ್ಯಪುಸ್ತಕಗಳವರೆಗೆ ಹಬ್ಬಿದೆ. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ರಸಾಯನವಿಜ್ಞಾನಿ ಮುಂಚಕ್ರದ ಪಕ್ಕಕ್ಕೇ ಹಿಮ್ಮುಖವಾಗಿ ತಿರುಗುವ ಇನ್ನೊಂದು ಚಕ್ರ ಜೋಡಿಸಿ ಬುಗುರಿ ಗುಣವನ್ನು ಅಳಿಸಿಹಾಕಿದ. ಆದರೂ ಸೈಕಲ್ ಆರಾಮವಾಗಿ ಓಡಿತು. 2011ರಲ್ಲಿ ಕಾರ್ನೆಲ್ ಮತ್ತು ಡೆಲ್ಫ್ಟ್ ವಿಶ್ವವಿದ್ಯಾಲಯಗಳ ತಂಡ ಬುಗುರಿ ಗುಣವೂ ಇಲ್ಲದ, ಫೋರ್ಕಿನ ಹಿಂದೆ ಚಕ್ರ ಎಳೆದುಕೊಂಡು ಬರುವ ಗುಣವೂ ಇಲ್ಲದ ಎರಡು ಚಕ್ರದ ಬಂಡಿಯನ್ನು ಸವಾರನಿಲ್ಲದೆಯೇ ನಿಲ್ಲಿಸಿ ಓಡಿಸಿತು. ಬೀಳುವ ಕಡೆಗೇ ಚಕ್ರ ಹೊರಳುವುದು ಮುಖ್ಯ. ಅದು ಯಾವ ಕಾರಣಕ್ಕೆ ಹೊರಳುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ.

ಸಮತೋಲ ತಾನಾಗಿ ಬರುವುದಾದರೆ ಇದನ್ನೆಲ್ಲ ತಿಳಿದು ಏನಾಗಬೇಕು? ಉತ್ತರ ರಾಂಚೊ ಬರ್ನಾರ್ಡೊದಿಂದ ಎರಡು ತಾಸಿನ ಹಾದಿಯ ಲಾಸ್ ಏಂಜಲೀಸ್‌ನಲ್ಲಿದೆ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಆ ನಗರದ ಸುತ್ತಮುತ್ತ ನಡೆದ 900ಕ್ಕೂ ಹೆಚ್ಚು ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ, ಟಯರಿನ ಗುರುತುಗಳನ್ನು ಅಳೆದು 1981ರಲ್ಲಿ ವರದಿ ಕೊಟ್ಟರು. ಅಪಾಯ ಕಂಡ ಮೇಲೆ ಸವಾರನಿಗೆ ಸಿಗುವ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡಿಗೂ ಕಡಿಮೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಸುಮಾರು 33 ಮೀಟರ್ ಕಳೆದಿರುತ್ತದೆ. ಆ ಹೊತ್ತಿನಲ್ಲಿ ಹೆಚ್ಚಿನವರು ಮಾಡಿದ್ದು ಹಿಂದಿನ ಬ್ರೇಕ್ ಒತ್ತಿ ಜಾರಿದ್ದು. ಮುಂದಿನ ಬ್ರೇಕನ್ನು ಸರಿಯಾಗಿ ಬಳಸಲೇ ಇಲ್ಲ. ಹಿಡಿ ಒತ್ತಿ ಪಕ್ಕಕ್ಕೆ ತಪ್ಪಿಸಿಕೊಳ್ಳುವ ಕೌಶಲವಂತೂ ಬಹುಪಾಲು ಕಾಣಲೇ ಇಲ್ಲ. ಅಪಘಾತಕ್ಕೆ ಸಿಕ್ಕ ಆ ಸವಾರರಲ್ಲಿ ಶೇ. 92 ಮಂದಿ ಸ್ವಂತವಾಗಿಯೋ ಮನೆಯವರು, ಗೆಳೆಯರಿಂದಲೋ ಕಲಿತವರು. ನಮ್ಮಲ್ಲಿ ಬೈಕ್ ಕಲಿಯುವುದೂ ಸೋದರಮಾವನಿಂದಲೇ ಅಲ್ಲವೇ! "ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ" ಎಂಬುದು ಅವರ ಮೊದಲ ಉಪದೇಶ. ಆದರೆ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಇರುವುದೇ ಮುಂಚಕ್ರದಲ್ಲಿ. ತಟ್ಟನೆ ಎಳೆಯದೆ ಹಂತಹಂತವಾಗಿ ಹಿಂಡಬೇಕು, ಅಷ್ಟೆ. 2019ರ ಏಪ್ರಿಲ್‌ನಿಂದ ಭಾರತದಲ್ಲಿ 125 ಸಿ.ಸಿ. ದಾಟಿದ ಹೊಸ ಬೈಕುಗಳಿಗೆಲ್ಲ ಬ್ರೇಕ್ ಬಿಗಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎ.ಬಿ.ಎಸ್. ವ್ಯವಸ್ಥೆ ಕಡ್ಡಾಯವಾಗಿರುವುದರಿಂದ ಆ ಭಯಕ್ಕೆ ಇನ್ನಷ್ಟು ಕಾರಣ ಕಡಿಮೆಯಾಗಿದೆ.

ಇನ್ನು ತರಕಾರಿ. ರಾಂಚೊ ಬರ್ನಾರ್ಡೊದ ಸವಾರರಿಗೆ ಪ್ರಿಯವಾದ ದಾರಿಗಳಲ್ಲಿ ಒಂದು ಪಾಲೋಮರ್ ಬೆಟ್ಟದ ಸೌತ್ ಗ್ರೇಡ್ ರಸ್ತೆ. ನಮ್ಮ ಆಗುಂಬೆ ಘಾಟಿಯ ಹಾಗೆ ತಿರುವಿನ ಮೇಲೆ ತಿರುವು. ತುದಿಯಲ್ಲಿ, 1948ರಲ್ಲಿ ಉದ್ಘಾಟನೆಯಾದ 200 ಅಂಗುಲದ ಹೇಲ್ ದೂರದರ್ಶಕವಿರುವ ವೀಕ್ಷಣಾಲಯ. ಆ ಬೆಟ್ಟದ ಕೂಡುರಸ್ತೆಯಲ್ಲಿ ಚರ್ಮದ ಜಾಕೆಟ್ಟಿನ ಬೈಕ್ ಸವಾರರು ಸಾಲುಗಟ್ಟುವ ಜಾಗವೆಂದು ಹೆಸರಾದದ್ದು ಮದರ್ಸ್ ಕಿಚನ್ ಎಂಬ ಸಸ್ಯಾಹಾರಿ ಹೋಟೆಲು! ಬೈಕಿನವರೆಂದರೆ ಮಾಂಸವೇ ಎಂದುಕೊಂಡವರು ಇದನ್ನು ನೆನಪಿಡಬೇಕು.

ಅಂಥ ಕಡೆ ಕ್ಯಾರೆಟ್ ತಿಂದು ಸಂಜೆಗತ್ತಲಲ್ಲಿ ಬೆಟ್ಟ ಇಳಿದರೆ ದಾರಿ ಚೆನ್ನಾಗಿ ಕಾಣುತ್ತದೆಯೇ? ಮಂದ ಬೆಳಕಿನಲ್ಲಿ ನೋಡುವ ಕಣ್ಣಿನ ದಂಡಕೋಶಗಳಲ್ಲಿ ರೋಡಾಪ್ಸಿನ್ ಎಂಬ ವಸ್ತುವಿದೆ. ಅದರ ತಯಾರಿಕೆಗೆ ವಿಟಮಿನ್ ಎ ಬೇಕು. ಕೊರತೆಯಾದರೆ ಇರುಳುಗಣ್ಣು ಬರುತ್ತದೆ, ಕೊರತೆ ನೀಗಿದರೆ ಹೋಗುತ್ತದೆ. ಆದರೆ ಸಾಕಷ್ಟು ಇರುವವರು ಬುಟ್ಟಿಗಟ್ಟಲೆ ಗಜ್ಜರಿ ತಿಂದರೂ ದೃಷ್ಟಿ ಬೆಕ್ಕಿನದಾಗುವುದಿಲ್ಲ. ಈ ಬೆಕ್ಕಿನ ಕಣ್ಣಿನ ಕಥೆ ಎರಡನೇ ಮಹಾಯುದ್ಧದ್ದು. ಜಾನ್ ಕನಿಂಗ್‌ಹ್ಯಾಮ್‌ನಂಥ ಬ್ರಿಟಿಷ್ ಪೈಲಟ್‌ಗಳು ಕತ್ತಲಲ್ಲಿ ಜರ್ಮನ್ ವಿಮಾನಗಳನ್ನು ಉರುಳಿಸುತ್ತಿದ್ದುದು ವಿಮಾನದೊಳಗಿದ್ದ ರೇಡಾರಿನಿಂದ. ಪ್ರಚಾರವಾದದ್ದು ಕ್ಯಾರೆಟ್ಟಿನ ಮಹಿಮೆ. ಊರಿನ ತಾಯಂದಿರು ಕ್ಯಾರೆಟ್ಟಿಗೇ ಕಾಯಬೇಕಿಲ್ಲ: ನುಗ್ಗೆಸೊಪ್ಪು, ಹರಿವೆ, ಹೊನಗೊನ್ನೆಯಲ್ಲೂ ಅದೇ ಬೀಟಾ ಕ್ಯಾರೋಟಿನ್ ಇದೆ. ಅದು ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಪಲ್ಯಕ್ಕೆ ಹಾಕುವ ಒಗ್ಗರಣೆ ರುಚಿಗಷ್ಟೇ ಅಲ್ಲ, ಹೀರಿಕೆಗೂ ಬೇಕು. ದಂಡಕೋಶಗಳು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ತಾಸು ಹಿಡಿಯುತ್ತದೆ. ಎದುರು ಬಂದ ಕಾರಿನ ಒಂದು ಹೈಬೀಮ್ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಅದಕ್ಕೆ ಯಾವ ಸೊಪ್ಪಿನಲ್ಲೂ ಮದ್ದಿಲ್ಲ, ವೇಗ ತಗ್ಗಿಸಬೇಕು.

ಬೈಕಿಗೂ ತರಕಾರಿಗೂ ನಮ್ಮಲ್ಲಿ ಇನ್ನೊಂದು ನಂಟಿದೆ, ಅದು ಹಾಸ್ಯದ್ದಲ್ಲ. ಹ್ಯಾಂಡಲ್ಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿಕೊಂಡು, ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಹೋಗುವವರನ್ನು ಯಾವ ಊರಿನಲ್ಲಿ ನೋಡಿಲ್ಲ? ಆಯುಧಪೂಜೆಯ ದಿನ ದೃಷ್ಟಿ ತೆಗೆಯಲೆಂದು ನಡುರಸ್ತೆಯಲ್ಲಿ ಬೂದುಗುಂಬಳ ಒಡೆಯುವುದು ಇದಕ್ಕಿಂತ ಕೆಟ್ಟದ್ದು. ಯಾಕೆಂದು ನೋಡಿ. ತಿರುವಿನಲ್ಲಿ ಗಾಡಿ ಎಷ್ಟು ವಾಲಬೇಕೆಂಬುದನ್ನು ವೇಗ ಮತ್ತು ತಿರುವಿನ ತ್ರಿಜ್ಯ ನಿರ್ಧರಿಸುತ್ತವೆ, ಗಾಡಿಯ ತೂಕವಲ್ಲ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿ.ಮೀ. ವೇಗಕ್ಕೆ ಸುಮಾರು 14 ಡಿಗ್ರಿ ಸಾಕು; 60ಕ್ಕೆ ಏರಿದರೆ ಸುಮಾರು 30 ಡಿಗ್ರಿ ಬೇಕು. ಬುಲೆಟ್ಟಿಗೂ ಅಷ್ಟೇ, ಹಗುರವಾದ ಹಂಡ್ರೆಡ್ ಸಿ.ಸಿ. ಗಾಡಿಗೂ ಅಷ್ಟೇ. ವಾಲಿದಷ್ಟೂ ಟಯರು ರಸ್ತೆಯಿಂದ ಕೇಳುವ ಹಿಡಿತ ಹೆಚ್ಚು. ಒಣ ಡಾಂಬರು ಅಷ್ಟು ಹಿಡಿತ ಕೊಡುತ್ತದೆ. ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕಿ ನೀರೇ ಇರುವ ಕುಂಬಳದ ತಿರುಳು ಟಯರಿನಡಿ ನುಣ್ಣಗೆ ಅರೆದು ಹರಡಿದ ಮೇಲೆ ಕೊಡುವುದಿಲ್ಲ. ಮುಂಚಕ್ರ ಒಂದು ಸಲ ಜಾರಿದರೆ ಎತ್ತಿ ನಿಲ್ಲಿಸುವಷ್ಟು ಸಮಯ ಯಾವ ನಿಪುಣನಿಗೂ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಸಂಚಾರ ಪೊಲೀಸರೂ ನಗರಪಾಲಿಕೆಯವರೂ ರಸ್ತೆಯಲ್ಲಿ ಒಡೆಯಬೇಡಿರೆಂದು ಬೇಡಿಕೊಂಡರೂ ಹಬ್ಬದ ಮರುದಿನ ಸರ್ಕಲ್‌ಗಳ ಸ್ಥಿತಿ ನೋಡುವಂತಿರುವುದಿಲ್ಲ.

ಹಿಡಿ ಒತ್ತುವುದನ್ನು ಪರೀಕ್ಷಿಸಬೇಕೆನ್ನುವವರು ಹೆಲ್ಮೆಟ್ ತೊಟ್ಟು, ಖಾಲಿ ನೇರ ರಸ್ತೆಯಲ್ಲಿ, ಗಂಟೆಗೆ 40 ಕಿ.ಮೀ. ಆಸುಪಾಸಿನಲ್ಲಿ, ಒಂದು ಅಂಗೈಯಿಂದ ಮೆಲ್ಲನೆ ಒತ್ತಿ ನೋಡಿ, ಜೋರು ಬೇಡ. ಮುಂದಿನ ಆಯುಧಪೂಜೆಗೆ ಬೂದುಗುಂಬಳ ಒಡೆಯಲೇಬೇಕೆಂದಿದ್ದರೆ ಮನೆಯಂಗಳದಲ್ಲಿ ಒಡೆದು ಕೂಡಲೇ ಗುಡಿಸಿಬಿಡಿ. ಮಜ್ಜಿಗೆಹುಳಿ ಮಾಡಿದರೆ ಇನ್ನೂ ಒಳ್ಳೆಯದು.