ಬೋರ್ಡಿಗೆಂದೇ ಹುಟ್ಟಿದ ಕಾಗದ

ಹಾಸನ ಜಿಲ್ಲೆಯ ಆಲೂರು, ಮಗ್ಗೆ, ಸಕಲೇಶಪುರದ ತೋಟದ ರಸ್ತೆಗಳಲ್ಲಿ ‘ಕಾಡಾನೆ ಸಂಚರಿಸುವ ಪ್ರದೇಶ, ಎಚ್ಚರಿಕೆ’ ಎಂಬ ಬೋರ್ಡುಗಳಿಗೆ ಬರವಿಲ್ಲ. ಆದರೆ ಅವು ವರ್ಷವಿಡೀ ಹೇಳುವುದು ಅದೊಂದೇ ಮಾತು. ಹಿಂಡು ಪಕ್ಕದ ತೋಟದಲ್ಲೇ ಬೀಡುಬಿಟ್ಟಿರಲಿ, ತಿಂಗಳಿಂದ ಈ ಕಡೆ ಸುಳಿಯದೇ ಇರಲಿ, ಬೋರ್ಡು ಬದಲಾಗದು. ದಿನವೂ ನೋಡಿದ್ದನ್ನೇ ನೋಡುವ ಕಣ್ಣು ಕೊನೆಗೆ ಅದನ್ನು ಓದುವುದನ್ನೇ ಬಿಟ್ಟುಬಿಡುತ್ತದೆ. ಬೆಳಗ್ಗೆ ಲೈನ್ ಮನೆಯಿಂದ ಕೆಲಸಕ್ಕೆ ಹೊರಟವರಿಗೆ ಬೇಕಿರುವುದು ಆನೆ ಇವತ್ತು ಎಲ್ಲಿದೆ ಎಂಬ ಸುದ್ದಿ.

ಈ ಭಾಗದಲ್ಲಿ ಆನೆ ಹಿಡಿಯುವ ದೊಡ್ಡ ಕಾರ್ಯಾಚರಣೆ ನಡೆದದ್ದು 2014ರ ಹೊತ್ತಿಗೆ. 22 ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ಮುಗಿಯಲಿಲ್ಲ. ಮುಂದೆ ಅರಣ್ಯ ಇಲಾಖೆ ಮತ್ತು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ಹಿಡಿದದ್ದು ಸುದ್ದಿ ಮುಟ್ಟಿಸುವ ದಾರಿ. ತಮಿಳುನಾಡಿನ ವಾಲ್ಪಾರೈಯಲ್ಲಿ ಎಂ. ಆನಂದಕುಮಾರ್ ರೂಪಿಸಿದ್ದ ಮುನ್ಸೂಚನೆ ವ್ಯವಸ್ಥೆಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂದಿತ್ತು. ಅದೇ ಮಾದರಿ ಹಾಸನಕ್ಕೂ ಬಂತು: ಮೊಬೈಲ್ ಸಂದೇಶ, ಧ್ವನಿ ಕರೆ, ಮಿನುಗುವ ಕೆಂಪು ದೀಪ, ರಸ್ತೆಬದಿಯಲ್ಲಿ ಎಲ್‌ಇಡಿ ಫಲಕ. ಸುದ್ದಿ ಬದಲಾದಂತೆ ಬೋರ್ಡೂ ಬದಲಾಗಬೇಕು ಎಂಬ ಮಾತು ಇಲ್ಲಿ ನಿಜವಾದದ್ದು ಹಾಗೆ.

ಎಲ್‌ಇಡಿ ಒಳ್ಳೆಯದೇ, ಆದರೆ ಉರಿಯುವಷ್ಟು ಹೊತ್ತೂ ಅದಕ್ಕೆ ಕರೆಂಟು ಬೇಕು. ಮಲೆನಾಡಿನ ಆಷಾಢದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕರೆಂಟಿಲ್ಲ, ಸೋಲಾರ್ ಅಂದರೆ ಬಿಸಿಲೇ ಇಲ್ಲ. ಕನ್ನಡದ ಕಷ್ಟ ಬೇರೆ. ಕಡಿಮೆ ಸಾಲಿನ ಚುಕ್ಕಿ ಫಲಕದಲ್ಲಿ ಒತ್ತಕ್ಷರಕ್ಕೆ ಜಾಗ ಸಾಲದೆ ಅಕ್ಷರವೇ ಕಲಸಿಹೋಗುವುದನ್ನು ಬಸ್ಸಿನ ಹಣೆಯ ಮೇಲಿನ ಬೋರ್ಡು ಓದಿದವರೆಲ್ಲ ಬಲ್ಲರು.

ಈ ಎರಡೂ ತೊಡಕಿಗೆ ಉತ್ತರವಾಗಬಲ್ಲ ವಸ್ತುವೊಂದು ಈಗ ಮಾರುಕಟ್ಟೆಯಲ್ಲಿದೆ: ಬಣ್ಣದ ಎಲೆಕ್ಟ್ರಾನಿಕ್ ಕಾಗದದ ದೊಡ್ಡ ಫಲಕ. ಸ್ಯಾಮ್‌ಸಂಗ್ 2025ರಲ್ಲಿ ತಂದ 32 ಇಂಚಿನ ಫಲಕದ ತೂಕ ಸುಮಾರು ಎರಡೂವರೆ ಕಿಲೋ. ಚಿತ್ರ ಒಮ್ಮೆ ಮೂಡಿತೆಂದರೆ ಅದನ್ನು ಹಾಗೇ ಉಳಿಸಿಕೊಳ್ಳಲು ವಿದ್ಯುತ್ ಬೇಕಿಲ್ಲ. ಕಿಂಡಲ್‌ನಂಥ ಓದುವ ಯಂತ್ರವೇ ದೊಡ್ಡದಾಗಿ ಬೋರ್ಡಾಯಿತು ಎಂದು ಹೆಚ್ಚಿನವರು ತಿಳಿದಿದ್ದಾರೆ. ಚರಿತ್ರೆ ಅದಕ್ಕೆ ತದ್ವಿರುದ್ಧ. ಈ ಕಾಗದ ಮಾರುಕಟ್ಟೆಗೆ ಕಾಲಿಟ್ಟದ್ದೇ ಅಂಗಡಿ ಬೋರ್ಡಾಗಿ.

ಕತೆ ಶುರುವಾಗುವುದು ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ, 1970ರ ದಶಕದಲ್ಲಿ. ಅಲ್ಲಿ ಆಲ್ಟೊ ಎಂಬ ಕಂಪ್ಯೂಟರ್ ಸಿದ್ಧವಾಗಿತ್ತು. ಅದರ ಪರದೆ ಎಷ್ಟು ಮಂಕಾಗಿತ್ತೆಂದರೆ ಕೆಲಸ ಮಾಡುವವರು ಕಿಟಕಿಯ ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡಿಕೊಳ್ಳಬೇಕಿತ್ತು. ಕಾಗದಕ್ಕೆ ಈ ಗೋಳಿಲ್ಲವಲ್ಲ, ಬೆಳಕು ಹೆಚ್ಚಿದಷ್ಟೂ ಅಕ್ಷರ ಸ್ಪಷ್ಟವಲ್ಲವೇ ಎಂದು ಯೋಚಿಸಿದವರು ನಿಕ್ ಶೆರಿಡನ್ ಎಂಬ ಭೌತವಿಜ್ಞಾನಿ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಪ್ಲಾಸ್ಟಿಕ್ ಮಣಿಗಳನ್ನು ಅವರು ಮಾಡಿದರು. ಪ್ರತಿ ಮಣಿಯ ಒಂದು ಮಗ್ಗುಲು ಬಿಳಿ, ಇನ್ನೊಂದು ಕಪ್ಪು. ರಬ್ಬರಿನಂಥ ತೆಳು ಹಾಳೆಯೊಳಗೆ ಎಣ್ಣೆ ತುಂಬಿದ ಪುಟ್ಟ ಗೂಡುಗಳು, ಗೂಡಿಗೊಂದು ಮಣಿ. ವಿದ್ಯುತ್ ಸೋಕಿಸಿದರೆ ಮಣಿ ಮಗ್ಗುಲು ಬದಲಿಸಿ ಅಲ್ಲೇ ನಿಲ್ಲುತ್ತದೆ. ಶೆರಿಡನ್ ಇದಕ್ಕಿಟ್ಟ ಹೆಸರು ಜೈರಿಕಾನ್.

ಆಮೇಲೆ ಆದದ್ದು ಹೊಟ್ಟೆ ಉರಿಸುವಂಥದ್ದು. ಜೆರಾಕ್ಸ್ ಬದುಕುತ್ತಿದ್ದುದೇ ಮುದ್ರಣದ ಮೇಲೆ. ಪರದೆಯ ಗೊಡವೆ ಬಿಟ್ಟು ಮುದ್ರಣದ ಕೆಲಸ ನೋಡಿ ಎಂದು ಮೇಲಿನವರು ಹೇಳಿದರು. ಮಣಿಗಳು ಸುಮಾರು ಹದಿನೈದು ವರ್ಷ ಮೂಲೆ ಸೇರಿದವು. ಕಂಪ್ಯೂಟರ್ ಬಂದ ಮೇಲೂ ಜನ ಎಲ್ಲವನ್ನೂ ಕಾಗದಕ್ಕಿಳಿಸಿಯೇ ಓದುತ್ತಿದ್ದುದನ್ನು ಕಂಡು ಶೆರಿಡನ್ ಮತ್ತೆ ಆ ಕೆಲಸ ಕೈಗೆತ್ತಿಕೊಂಡರು. ಜೈರಿಕಾನ್ ಪ್ರತ್ಯೇಕ ಕಂಪನಿಯಾಗುವ ಹೊತ್ತಿಗೆ 2000 ಇಸವಿ ಮುಗಿಯುತ್ತ ಬಂದಿತ್ತು. ಮರುವರ್ಷ ನ್ಯೂಜೆರ್ಸಿಯ ಮೇಸೀಸ್ ಮಳಿಗೆಯಲ್ಲಿ ಅದರ ಬೆಲೆ ಫಲಕಗಳ ಪ್ರಯೋಗವೂ ನಡೆಯಿತು. 2005ರ ಕೊನೆಗೆ ಕಂಪನಿ ಬಾಗಿಲು ಮುಚ್ಚಿತು. ಮೊದಲು ಕನಸು ಕಂಡವನಿಗೆ ಫಲ ಸಿಗಲಿಲ್ಲ.

ಆ ಹದಿನೈದು ವರ್ಷ ವ್ಯರ್ಥವಾಗದಿದ್ದರೆ ಫ್ಲೆಕ್ಸ್ ನಮ್ಮೂರಿಗೆ ಬರುವ ಮೊದಲೇ ಈ ಕಾಗದ ಬಂದಿರುತ್ತಿತ್ತೇನೋ.

ಅಷ್ಟರಲ್ಲಿ ಎಂಐಟಿಯ ಜೋಸೆಫ್ ಜೇಕಬ್‌ಸನ್, ಅವರ ವಿದ್ಯಾರ್ಥಿಗಳಾದ ಬ್ಯಾರೆಟ್ ಕೊಮಿಸ್ಕಿ ಮತ್ತು ಜೆ.ಡಿ. ಆಲ್ಬರ್ಟ್ ಬೇರೆ ದಾರಿ ಹಿಡಿದಿದ್ದರು. ಮಣಿ ಹೊರಳಿಸುವ ಬದಲು ಕೂದಲೆಳೆಯಷ್ಟು ಸಣ್ಣ ಗುಳಿಗೆಯೊಳಗೆ ಬಣ್ಣದ ಕಣಗಳನ್ನು ತೇಲಿಬಿಟ್ಟು, ವಿದ್ಯುತ್ತಿನಿಂದ ಮೇಲಕ್ಕೆಳೆಯುವುದು, ಕೆಳಗಿಳಿಸುವುದು. 1997ರಲ್ಲಿ ಇ ಇಂಕ್ ಕಂಪನಿ ಹುಟ್ಟಿತು. 1999ರ ಮೇನಲ್ಲಿ ಮ್ಯಾಸಚೂಸೆಟ್ಸ್‌ನ ಮಾರ್ಲ್‌ಬರೋದಲ್ಲಿ ಜೆ.ಸಿ. ಪೆನ್ನಿ ಮಳಿಗೆಯ ಕ್ರೀಡಾ ಸಾಮಗ್ರಿ ವಿಭಾಗದಲ್ಲಿ ಅವರ ‘ಇಮ್ಮೀಡಿಯಾ’ ಫಲಕ ತೂಗಿತು. ಬೇರೆಲ್ಲೋ ಕೂತು ಅದರ ಮೇಲಿನ ಮಾತು ಬದಲಿಸಬಹುದಿತ್ತು. ಸೋನಿಯ ಲಿಬ್ರಿಯೇ ಎಂಬ ಓದುವ ಯಂತ್ರ ಬರಲು ಇನ್ನೂ ಐದು ವರ್ಷವಿತ್ತು, ಕಿಂಡಲ್‌ಗೆ ಎಂಟು.

ಬೋರ್ಡಿನ ವ್ಯಾಪಾರ ಕುದುರಲಿಲ್ಲ, ಪುಸ್ತಕದ್ದು ಕುದುರಿತು. ಹಾಗೆ ಈ ಕಾಗದ ದಾರಿ ಬದಲಿಸಿತು. 2009ರಲ್ಲಿ ತೈವಾನಿನ ಕಂಪನಿಯೊಂದು ಇ ಇಂಕನ್ನು ಕೊಂಡಿತು. 2016ರಲ್ಲಿ ಅಮೆಜಾನ್ ಭಾರತದ ಐದು ಪ್ರಾದೇಶಿಕ ಭಾಷೆಗಳಿಗೆ ಕಿಂಡಲ್ ಪುಸ್ತಕದಂಗಡಿ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆ ನೋವು ಇನ್ನೂ ಮಾಸಿಲ್ಲ.

ಬೋರ್ಡು ಮತ್ತೆ ನೆನಪಾದದ್ದು ಬಣ್ಣದ ದೆಸೆಯಿಂದ. ಕಪ್ಪು-ಬಿಳುಪಿನ ಮೇಲೆ ಬಣ್ಣದ ಗಾಜು ಹೊದಿಸಿದಂತೆ ಸೋಸುಪದರ ಹಾಕಿದರೆ ಬೆಳಕು ನುಂಗಿಹೋಗಿ ಚಿತ್ರ ಕಳೆಗುಂದುತ್ತಿತ್ತು. 2016ರಲ್ಲಿ ಇ ಇಂಕ್ ಪದರವನ್ನೇ ಕೈಬಿಟ್ಟು ಹಸಿರುನೀಲಿ, ಕೆನ್ನೇರಳೆ, ಹಳದಿ, ಬಿಳಿ ಎಂಬ ನಾಲ್ಕು ಬಗೆಯ ಕಣಗಳನ್ನು ಒಂದೇ ಕಡೆ ಸೇರಿಸಿ, ವಿದ್ಯುತ್ತಿನ ಏರಿಳಿತದಿಂದ ಬೇಕಾದ ಬಣ್ಣದವನ್ನು ಮೇಲಕ್ಕೆ ತರುವ ವಿಧಾನ ತೋರಿಸಿತು. ಆಗ ಪ್ರದರ್ಶಿಸಿದ 20 ಇಂಚಿನ ಹಾಳೆಯೂ ಬೋರ್ಡಿನ ಉದ್ದೇಶದ್ದೇ. ಇಂಚಿಗೆ 150 ಚುಕ್ಕಿ. ಅಷ್ಟಿದ್ದರೆ ‘ಸ್ತ್ರೀ’ಯ ಒತ್ತುಗಳೂ ಕಲಸಿಹೋಗದೆ ನಿಲ್ಲುತ್ತವೆ. ಆರು ಬಣ್ಣದ ‘ಸ್ಪೆಕ್ಟ್ರಾ 6’ ಬಂದದ್ದು 2023ರಲ್ಲಿ.

ಈ ನಡುವೆ ನಮ್ಮ ಕಡೆ ಏನಾಯಿತು? ತಗಡಿನ ಮೇಲೆ ಎನಾಮೆಲ್ ಬಣ್ಣದಲ್ಲಿ ತೋಟದ ಹೆಸರು, ಅಂಗಡಿಯ ಹೆಸರು ಬರೆಯುತ್ತಿದ್ದ ಕಲಾವಿದರ ಕುಂಚವನ್ನು ಫ್ಲೆಕ್ಸ್ ಕಿತ್ತುಕೊಂಡಿತು. ಸೀಮೆಸುಣ್ಣದ ದಾರ ಮೀಟಿ ಗೆರೆ ಹೊಡೆದು, ಅಕ್ಷರದ ದುಂಡಗೆ ಕೈ ತಿರುಗಿಸಿ, ನೆರಳು ಕೊಟ್ಟು ಎದ್ದು ಕಾಣುವಂತೆ ಮಾಡುತ್ತಿದ್ದ ಆ ಕನ್ನಡ ಮಳೆಗಾಲಗಳನ್ನು ದಾಟಿ ಉಳಿಯುತ್ತಿತ್ತು. ಫ್ಲೆಕ್ಸಿನ ಹುಟ್ಟುಹಬ್ಬದ ಶುಭಾಶಯ ವಾರಕ್ಕೆ ಹಳತಾಗಿ ಚರಂಡಿ ಸೇರುತ್ತದೆ. 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜತೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರಲ್ಲಿ ಬೆಂಗಳೂರಿನ ಫ್ಲೆಕ್ಸ್ ತೆರವಿಗೆ ಹೈಕೋರ್ಟೇ ಗದರಬೇಕಾಯಿತು. ಆದರೂ ಯಾವ ಪೇಟೆಯಲ್ಲಿ ಫ್ಲೆಕ್ಸ್ ಇಲ್ಲ ಹೇಳಿ! ಕುಂಚ ಹಿಡಿದವರ ಅನ್ನ ಹೋದದ್ದಕ್ಕೆ ಬದಲಾಗಿ ಊರಿಗೆ ಸಿಕ್ಕಿದ್ದು ಕಸ.

ಎಲೆಕ್ಟ್ರಾನಿಕ್ ಕಾಗದ ಬಯಲಿನಲ್ಲಿ ನಿಲ್ಲಬಲ್ಲದು ಎಂಬುದಕ್ಕೆ ಸಿಡ್ನಿ ಸಾಕ್ಷಿ. ಜಾತ್ರೆ-ಉತ್ಸವದಂಥ ದಿನಗಳಲ್ಲಿ ವಾಹನ ನಿಲುಗಡೆಯ ನಿಯಮ ತಿಳಿಸಲು ಅಲ್ಲಿ 2015ರಲ್ಲೇ ಸೋಲಾರ್‌ನಿಂದ ನಡೆಯುವ ಇಂಥ ಫಲಕಗಳನ್ನು ನೆಟ್ಟರು. ಮೊಬೈಲ್ ಜಾಲದ ಮೂಲಕ ಸುದ್ದಿ ಬದಲಾಗುತ್ತಿತ್ತು, ಉಳಿದಂತೆ ಅದು ಸುಮ್ಮನೆ ನಿಂತ ಬೋರ್ಡು.

ನಮ್ಮ ಘಟ್ಟಕ್ಕೆ ಇದು ಹೇಳಿಮಾಡಿಸಿದಂತಿದೆ. ಆದರೆ ಆನೆಯ ಎಚ್ಚರಿಕೆಗೆ ಇದೊಂದನ್ನೇ ನೆಚ್ಚಬಾರದು. ಆನೆ ರಸ್ತೆ ದಾಟುವುದು ಹೆಚ್ಚಾಗಿ ಕತ್ತಲಲ್ಲಿ, ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅಲ್ಲಿ ಕೆಂಪು ದೀಪವೇ ಸರಿ. ಬಣ್ಣದ ಹಾಳೆ ಚಿತ್ರ ಬದಲಿಸಲು ಹಲವು ಸೆಕೆಂಡು ತೆಗೆದುಕೊಳ್ಳುತ್ತದೆ, ಬೆಲೆಯೂ ಇನ್ನೂ ದುಬಾರಿ. ಹಗಲಿಗೆ, ದಿನಕ್ಕೆರಡು ಬಾರಿ ಬದಲಾದರೆ ಸಾಕೆನ್ನುವ ಸುದ್ದಿಗೆ ಈ ಕೊರತೆಗಳು ಅಡ್ಡಿಯಲ್ಲ. 2024ರ ಜುಲೈನಲ್ಲಿ ದೋಣಿಗಲ್ ಬಳಿ ಗುಡ್ಡ ಜರಿದು ಶಿರಾಡಿ ಘಾಟ್ ಬಂದ್ ಆಯಿತು. ಅದೇ ತಿಂಗಳು ಕಡಗರವಳ್ಳಿ–ಎಡಕುಮರಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿಯಿತು. ಅಂಥ ದಿನ ಮಂಗಳೂರಿಗೆ ಹೊರಟವರಿಗೆ ಹಾಸನದಲ್ಲೇ ಸುದ್ದಿ ಸಿಕ್ಕರೆ ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿಗೆ ತಿರುಗಬಹುದು. ಮೊದಲ ಬೋರ್ಡು ನಿಲ್ಲಬೇಕಾದದ್ದು ಆ ತಿರುವಿನಲ್ಲಿ, ಎರಡನೆಯದು ಸಕಲೇಶಪುರ ಬಸ್ ನಿಲ್ದಾಣದಲ್ಲಿ, ಮೂರನೆಯದು ತೋಟದ ಕಾರ್ಮಿಕರು ಜೀಪು ಹತ್ತುವ ಮಗ್ಗೆಯಲ್ಲಿ. ಅವುಗಳ ಮೇಲೆ ಮೂಡುವ ಅಕ್ಷರದ ಮಾದರಿ ಬರೆಸಲು ಹಾಸನ ಜಿಲ್ಲೆಯಲ್ಲಿ ಕುಂಚ ಹಿಡಿದ ಕೈಗಳು ಇನ್ನೂ ಇವೆ. ಲೋಕೋಪಯೋಗಿ ಮತ್ತು ಅರಣ್ಯ ಇಲಾಖೆಗಳು ಮುಂದಿನ ಮುಂಗಾರಿಗೆ ಮೊದಲೇ ಅವರನ್ನು ಕರೆಸಲಿ.