ಕುಡಿಯದವನಿಗೂ ಪಂಕ್ತಿಯಲ್ಲಿ ಜಾಗವಿರಲಿ

(ಜೂನ್ 24: ಸ್ನಾನಿಕ ಯೊವಾನ್ನರ ಜನ್ಮೋತ್ಸವದ ಚಿಂತನೆ)



ಸಂತರ ಹಬ್ಬವನ್ನು ನಾವು ಸಾಮಾನ್ಯವಾಗಿ ಅವರು ಸ್ವರ್ಗ ಸೇರಿದ ದಿನದಂದು ಆಚರಿಸುತ್ತೇವೆ. ಹುಟ್ಟಿದ ದಿನವನ್ನೂ ಹಬ್ಬವಾಗಿ ಆಚರಿಸುವುದು ನಮ್ಮ ಪೂಜಾ ಪಂಚಾಂಗದಲ್ಲಿ ಮೂವರದು ಮಾತ್ರ. ಯೇಸುಸ್ವಾಮಿಯದು, ಮಾತೆ ಮರಿಯಮ್ಮನವರದು ಮತ್ತು ಸ್ನಾನಿಕ ಯೊವಾನ್ನರದು. ಈ ಯೊವಾನ್ನರ ಬಗ್ಗೆ ಅವರು ಹುಟ್ಟುವ ಮೊದಲೇ ದೇವದೂತನು ಜೆಕರೀಯನಿಗೆ ಹೇಳಿದ ಮಾತು ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿದೆ. ಮಗುವಿನ ಹೆಸರೇನು ಎಂದು ಹೇಳಿದ ದೂತನು ಇನ್ನೊಂದನ್ನೂ ಹೇಳಿದನು: ಆ ಮಗು ದ್ರಾಕ್ಷಾರಸವನ್ನಾಗಲಿ ಬೇರೆ ಮದ್ಯವನ್ನಾಗಲಿ ಮುಟ್ಟದು, ತಾಯ ಗರ್ಭದಲ್ಲಿರುವಾಗಲೇ ಪವಿತ್ರಾತ್ಮರಿಂದ ತುಂಬಿರುವುದು. ದೇವರಿಗೆ ಮೀಸಲಾದ ನಾಜೀರ ವ್ರತಧಾರಿಗಳಿಗೆ ಸಂಖ್ಯಾಕಾಂಡದ 6ನೆಯ ಅಧ್ಯಾಯದಲ್ಲಿ ಇದೇ ನಿಯಮವಿತ್ತು.

ಹೀಗೆ ಕುಡಿಯದೇ ಬಾಳಿದ ಸಂತನ ಹಬ್ಬವನ್ನು ಹಲವು ಕಡೆ ಕುಡಿದೇ ಆಚರಿಸುತ್ತಾರೆ. ಗೋವೆಯಲ್ಲಿ ಈ ದಿನ ‘ಸಾಂವ್ ಜುವಾಂವ್’. ಹೂವಿನ ಕಿರೀಟ ಧರಿಸಿ ತುಂಬಿದ ಬಾವಿಗೆ ಹಾರುತ್ತಾರೆ. ಹಾರಿದವರಿಗೆ ಫೆನ್ನಿಯ ಉಪಚಾರವೂ ಆಗುತ್ತದೆ. ನಮ್ಮ ಮಲೆನಾಡಿನಲ್ಲಿ ಬಾವಿಗೆ ಹಾರುವ ಪದ್ಧತಿ ಇಲ್ಲದಿದ್ದರೂ ಉಪಚಾರದ ಪದ್ಧತಿಗೇನೂ ಕೊರತೆಯಿಲ್ಲ. ಹಬ್ಬದ ಎರಡು ದಿನಗಳ ನಂತರ, ಜೂನ್ 26ರಂದು, ವಿಶ್ವಸಂಸ್ಥೆ 1987ರಲ್ಲಿ ಗೊತ್ತುಮಾಡಿದ ಮಾದಕ ವಸ್ತು ವಿರೋಧಿ ದಿನ ಬರುತ್ತದೆ. ಕುಡಿತದ ಕೇಡಿನ ಬಗ್ಗೆ ಭಾಷಣಗಳು ನಡೆಯುತ್ತವೆ. ಕುಡಿಯುವವರಿಗೆ ಹೇಳುವ ಬುದ್ಧಿಮಾತು ನಮ್ಮಲ್ಲಿ ಬೇಕಾದಷ್ಟಿದೆ. ಆದರೆ ಕುಡಿತ ಬಿಟ್ಟವನನ್ನು, ಎಂದೂ ಕುಡಿಯದವನನ್ನು ನಮ್ಮ ಸಮಾಜ ಹೇಗೆ ನಡೆಸಿಕೊಳ್ಳುತ್ತದೆ? ಈ ಹಬ್ಬದಲ್ಲಿ ಅದನ್ನು ಯೋಚಿಸೋಣ.

ಎರಡೂ ಕಡೆ ಹೊರಳುವ ನಾಲಿಗೆ

ಲೂಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮ ಕಾಲದ ಜನರ ಒಂದು ಗುಣವನ್ನು ಎತ್ತಿ ತೋರಿಸುತ್ತಾರೆ. ಯೊವಾನ್ನ ಬಂದ, ಉಪವಾಸ ಮಾಡಿದ, ದ್ರಾಕ್ಷಾರಸ ಮುಟ್ಟಲಿಲ್ಲ. ಜನ ಅವನಿಗೆ ದೆವ್ವ ಹಿಡಿದಿದೆ ಎಂದರು. ಯೇಸು ಬಂದರು, ಎಲ್ಲರ ಜೊತೆ ಕುಳಿತು ಉಂಡರು, ಕುಡಿದರು. ಅದೇ ಜನ ಅವರನ್ನು ಹೊಟ್ಟೆಬಾಕ, ಕುಡುಕ ಎಂದರು. ಕುಡಿದರೂ ಮಾತು, ಕುಡಿಯದಿದ್ದರೂ ಮಾತು!

ಎರಡು ಸಾವಿರ ವರ್ಷಗಳಾದರೂ ಈ ನಾಲಿಗೆ ಬದಲಾಗಿಲ್ಲ. ಕುಡಿಯುತ್ತಿದ್ದಾಗ ‘ಕುಡುಕ’ ಎಂದು ಬೆನ್ನ ಹಿಂದೆ ಆಡಿಕೊಂಡವರೇ, ಬಿಟ್ಟ ಮೇಲೆ ಮುಖದೆದುರು ಕೆಣಕುತ್ತಾರೆ. “ಎಂಥ ಮಾರಾಯ, ಫಾದರ್ ಆಗ್ತೀಯಾ?” “ಹೆಂಡ್ತಿಗೆ ಹೆದರಿದ್ದಾ?” “ನೋಡುವ, ಎಷ್ಟು ದಿನ ಅಂತ!” ಹೇಳುವವರಿಗೆ ಅದು ತಮಾಷೆ. ಕೇಳುವವನಿಗೆ ಅದು ದಿನವೂ ಹತ್ತಬೇಕಾದ ಘಾಟಿ. ಕಲ್ಯಾಣಮಂಟಪದ ಇನ್ನೊಂದು ಮೂಲೆಯಲ್ಲಿ ಕುಳಿತ ಅವನ ಹೆಂಡತಿ, ಗಂಡನ ಸುತ್ತ ಯಾರು ಸೇರುತ್ತಿದ್ದಾರೆ ಎಂದು ನೋಡುತ್ತಾ, ತಟ್ಟೆಯಲ್ಲಿದ್ದ ಊಟ ರುಚಿಸದೆ ಕೂರುತ್ತಾಳೆ.

ಹಾಗೆಂದು ನಮ್ಮ ಜನ ಕೆಟ್ಟವರಲ್ಲ. ಒತ್ತಾಯ ಮಾಡಿ ಬಡಿಸುವುದು ಮಲೆನಾಡಿನ ಉಪಚಾರ. ಕೊಂಕಣಿ ಮನೆಯಾಗಲಿ, ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತಮುತ್ತ ತೋಟ ಮಾಡಿ ನೆಲೆಸಿದವರ ಮನೆಯಾಗಲಿ, ಸಾಕು ಎಂದ ಮೇಲೂ ಇನ್ನೊಂದು ಸೌಟು ಹಾಕಿದರೇ ಸಮಾಧಾನ. ಪಾಯಸಕ್ಕೆ ಈ ಒತ್ತಾಯ ಪ್ರೀತಿ. ಲೋಟಕ್ಕೆ ಅದೇ ಒತ್ತಾಯ ಪ್ರೀತಿಯಾಗುವುದಿಲ್ಲ.

ಕುಡಿಯದವರು ಎಷ್ಟು ಮಂದಿ?

“ಈಗ ಎಲ್ಲರೂ ಕುಡೀತಾರೆ” ಎಂಬ ಮಾತು ಸುಳ್ಳು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15 ವರ್ಷ ತುಂಬಿದ ಗಂಡಸರಲ್ಲಿ ಮದ್ಯ ಸೇವಿಸುವವರು 100ಕ್ಕೆ ಸುಮಾರು 19 ಮಂದಿ. ಹೆಂಗಸರಲ್ಲಿ 100ಕ್ಕೆ ಸುಮಾರು ಒಬ್ಬರು. ಅಂದರೆ ಪ್ರತಿ ಐವರು ಗಂಡಸರಲ್ಲಿ ನಾಲ್ವರು ಕುಡಿಯುವುದಿಲ್ಲ. ಬಹುಮತ ಕುಡಿಯದವರದೇ. ಆದರೂ ಕೂಟದಲ್ಲಿ ಕಾರಣ ಹೇಳಬೇಕಾಗಿ ಬರುವುದು ಕುಡಿಯದವನಿಗೆ! ಕುಡಿಯುವವನನ್ನು ಯಾರೂ “ಯಾಕೆ ಕುಡೀತೀಯಾ?” ಎಂದು ಹತ್ತು ಜನರೆದುರು ಕೇಳುವುದಿಲ್ಲ.

‘ಒಂದೇ ಗುಟುಕು’ ಎಂಬ ಮಾತಿನ ಅಪಾಯ

ಕುಡಿತದ ಚಟ ಮನಸ್ಸಿನ ದೌರ್ಬಲ್ಯ ಮಾತ್ರವಲ್ಲ, ಅದೊಂದು ಕಾಯಿಲೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ವರ್ಷಗಟ್ಟಲೆ ಕುಡಿದವನ ಮಿದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಬಿಟ್ಟು ವರ್ಷಗಳಾದರೂ ಆ ದಾರಿ ಮಿದುಳಿನಲ್ಲಿ ಪೂರ್ತಿ ಅಳಿಸಿಹೋಗುವುದಿಲ್ಲ. ಆದ್ದರಿಂದಲೇ ಉಳಿದವರಿಗೆ ಒಂದು ಗುಟುಕು ಒಂದೇ ಗುಟುಕು. ಅವನಿಗೆ ಅದು ಹಳೆಯ ದಾರಿಯ ಬಾಗಿಲು.

ಇನ್ನೊಂದು ವಿಷಯ ಪ್ರತಿ ಕುಟುಂಬಕ್ಕೂ ಗೊತ್ತಿರಬೇಕು. ಕುಡಿತ ಬಿಡಲು ಕೆಲವರಿಗೆ ವೈದ್ಯರು ಡೈಸಲ್ಫಿರಾಮ್ ಎಂಬ ಮಾತ್ರೆ ಕೊಡುತ್ತಾರೆ. ಇದನ್ನು ಸೇವಿಸುವವರು ಸ್ವಲ್ಪ ಮದ್ಯ ಕುಡಿದರೂ ಮುಖ ಕೆಂಪೇರುತ್ತದೆ, ಎದೆ ಬಡಿತ ಹೆಚ್ಚುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಕೆಲವರಿಗೆ ಪ್ರಾಣಾಪಾಯವೂ ಉಂಟು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪರಿಣಾಮ ಉಳಿಯಬಹುದು. ಗೆಳೆಯನ ಜ್ಯೂಸಿಗೆ ಗುಟ್ಟಾಗಿ ಒಂದಿಷ್ಟು ಸುರಿದು ನಗುವವರು ಇದನ್ನು ನೆನಪಿಡಬೇಕು. ಮನೆಯವರೂ ಈ ಮಾತ್ರೆಯನ್ನು ಸಾರಿನಲ್ಲೋ ಕಾಫಿಯಲ್ಲೋ ಗುಟ್ಟಾಗಿ ಬೆರೆಸಬಾರದು. ಕುಡಿಯುವವನಿಗೆ ಗೊತ್ತಿಲ್ಲದೆ ಕೊಟ್ಟ ಮಾತ್ರೆ ಅವನ ಜೀವಕ್ಕೇ ಎರವಾಗಬಹುದು.

ಹಾಗೆಯೇ, ದಿನವೂ ವಿಪರೀತ ಕುಡಿಯುವವರು ಹಬ್ಬದ ಹರಕೆ ಎಂದು ಒಮ್ಮೆಲೇ ನಿಲ್ಲಿಸಿ ಮನೆಯಲ್ಲೇ ಮಲಗುವುದೂ ಅಪಾಯ. ನಿಲ್ಲಿಸಿದ ದಿನದಿಂದಲೇ ಕೈನಡುಕ, ಬೆವರು, ನಿದ್ದೆ ಬಾರದಿರುವುದು ತೊಡಗುತ್ತದೆ. ಎರಡು ಮೂರು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು. ಇದು ದೆವ್ವದ ಕಾಟವಲ್ಲ, ಶಾಪವೂ ಅಲ್ಲ. ವೈದ್ಯರ ನೆರವಿನಿಂದ ಇದನ್ನು ಸುರಕ್ಷಿತವಾಗಿ ದಾಟಬಹುದು. ಹರಕೆಯೂ ಇರಲಿ, ವೈದ್ಯರೂ ಇರಲಿ.

ಮನೆ ವೈನು, ಮಳೆಗಾಲದ ಪೆಗ್ಗು

“ಇದು ಮನೇಲಿ ಮಾಡಿದ ವೈನು, ಏನೂ ಆಗಲ್ಲ” ಎಂಬ ಮಾತು ನಮ್ಮ ಕುಟುಂಬಗಳಲ್ಲಿ ಸಾಮಾನ್ಯ. ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ದೇಶದಲ್ಲಿ ಮಾರುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಮದ್ಯಸಾರವಿರುತ್ತದೆ. 30 ಮಿ.ಲೀ. ಪೆಗ್ಗಿನಲ್ಲಿ ಅದು ಸುಮಾರು 13 ಮಿ.ಲೀ. ಚೆನ್ನಾಗಿ ಹುಳಿ ಬಂದ ಮನೆ ವೈನಿನಲ್ಲಿ ಶೇಕಡಾ 10ರಷ್ಟು ಇದೆ ಎಂದಿಟ್ಟುಕೊಂಡರೂ, 150 ಮಿ.ಲೀ. ಲೋಟದಲ್ಲಿ 15 ಮಿ.ಲೀ. ಆಯಿತು. ಸಿಹಿ ಇರುವುದರಿಂದ ತಿಳಿಯುವುದಿಲ್ಲ, ಅಷ್ಟೇ. ದ್ರಾಕ್ಷಿಯಿಂದಾಗಲಿ ನೇರಳೆಯಿಂದಾಗಲಿ, ಅಜ್ಜಿಯ ಕೈಯಿಂದ ಬಂದದ್ದಾದರೂ ಮದ್ಯಸಾರ ಮದ್ಯಸಾರವೇ.

“ಮಳೆಗೆ ಮೈ ಬೆಚ್ಚಗಾಗಲಿ” ಎಂಬುದು ನಮ್ಮ ಕಡೆಯ ಇನ್ನೊಂದು ನೆಪ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿರಕ್ತ ಚರ್ಮಕ್ಕೆ ಹರಿದು ಬೆಚ್ಚಗಾದಂತೆ ಅನಿಸುತ್ತದೆ. ನಿಜವಾಗಿ ಆ ಬಿಸಿ ಹೊರಗೆ ಹೋಗುತ್ತಿರುತ್ತದೆ, ದೇಹ ಒಳಗೆ ತಣ್ಣಗಾಗುತ್ತದೆ. ಜಡಿಮಳೆಯಲ್ಲಿ ತೋಟದ ಕೆಲಸ ಮುಗಿಸಿ ಬಂದವರಿಗೆ ಒಣಬಟ್ಟೆ, ಬಿಸಿನೀರು, ಶುಂಠಿ ಕಾಫಿ ಮಾಡುವ ಉಪಕಾರವನ್ನು ಯಾವ ಪೆಗ್ಗೂ ಮಾಡದು.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕೂಲಿ ಕುಟುಂಬಗಳ ಹೆಂಗಸರು ನಿಟ್ಟುಸಿರು ಬಿಟ್ಟರು. ಆದರೆ ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ 90 ಮಿ.ಲೀ. ಅಗ್ಗದ ಮದ್ಯದ ಪೊಟ್ಟಣ ಬಂದು ಕುಳಿತಿತು. ಕಾನೂನು ಒಂದು ಅಂಗಡಿಯನ್ನು ಮುಚ್ಚಿಸಬಲ್ಲದು. ನಮ್ಮ ಕೂಟದ ರೀತಿಯನ್ನು ನಾವೇ ತಿದ್ದಬೇಕು.

ಯಾರೂ ಕರೆಯದ ಒಂದು ಶನಿವಾರ

ಐರ್ಲೆಂಡಿನ ಡಬ್ಲಿನ್ ನಗರದ ಬಡ ಕೂಲಿಕಾರ ಮ್ಯಾಟ್ ಟಾಲ್ಬಟ್ 1856ರಲ್ಲಿ ಹುಟ್ಟಿದರು. ಹನ್ನೆರಡರ ವಯಸ್ಸಿನಲ್ಲೇ ಮದ್ಯದ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿ ಕುಡಿತ ಕಲಿತರು. ದುಡಿದದ್ದೆಲ್ಲ ಹೆಂಡದಂಗಡಿಗೆ. ಕೈಯಲ್ಲಿದ್ದಾಗ ಗೆಳೆಯರಿಗೂ ಕೊಡಿಸುತ್ತಿದ್ದರು. 1884ರ ಒಂದು ಶನಿವಾರ ಅವರ ಜೇಬು ಬರಿದಾಗಿತ್ತು. ಅಂಗಡಿಯ ಹೊರಗೆ ನಿಂತರು. ಗೆಳೆಯರು ಒಬ್ಬೊಬ್ಬರಾಗಿ ಒಳಗೆ ಹೋದರು, ಒಬ್ಬನೂ ಕರೆಯಲಿಲ್ಲ. ನೊಂದು ಮನೆಗೆ ಬಂದ ಅವರು ಅಂದೇ ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಮೊದಲು ಮೂರು ತಿಂಗಳಿಗೆ, ಆಮೇಲೆ ಜೀವನಪೂರ್ತಿ. ಆಗ ಅವರಿಗೆ 28 ವರ್ಷ.

ಮರದ ಕೆಲಸ ಮಾಡುತ್ತಾ ನಾಲ್ಕು ದಶಕ ಅವರು ಮದ್ಯ ಮುಟ್ಟಲಿಲ್ಲ. ಜೇಬಿನಲ್ಲಿ ದುಡ್ಡಿಟ್ಟುಕೊಂಡು ಹೆಂಡದಂಗಡಿ ದಾಟುವುದನ್ನು ಬಿಟ್ಟರು. ಗೆಳೆಯರು ಅಂಗಡಿಯಲ್ಲಿ ಸೇರುವ ಹೊತ್ತಿಗೆ ದೇವಾಲಯದಲ್ಲಿ ಕೂರತೊಡಗಿದರು. 1925ರ ಜೂನ್ 7ರಂದು ಬಲಿಪೂಜೆಗೆ ನಡೆದು ಹೋಗುವಾಗ ದಾರಿಯಲ್ಲೇ ಕುಸಿದು ತೀರಿಕೊಂಡರು. 1975ರಲ್ಲಿ ಜಗದ್ಗುರು ಆರನೆಯ ಪೌಲರು ಅವರನ್ನು ‘ಪೂಜ್ಯ’ರೆಂದು ಘೋಷಿಸಿದರು. ಅವರ ಜೀವನದಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಲೋಟದ ಗೆಳೆತನ ಲೋಟವಿರುವ ತನಕ. ಬಿಟ್ಟವನಿಗೆ ಹಳೆಯ ಸಂಜೆಗಳ ಬದಲಿಗೆ ಬೇರೆ ಸಂಜೆ ಬೇಕು, ಕೂರಲು ಬೇರೆ ಜಾಗ ಬೇಕು. ಟಾಲ್ಬಟ್ಟರಿಗೆ ಆ ಜಾಗ ದೇವಾಲಯದಲ್ಲಿ ಸಿಕ್ಕಿತು. ನಮ್ಮ ಧರ್ಮಕೇಂದ್ರದಲ್ಲಿ ಅಂಥವರಿಗೆ ಜಾಗವಿದೆಯೇ?

ಬಲಿಪೀಠವೇ ತೋರಿಸಿದ ದಾರಿ

“ಕಾನಾ ಊರಿನ ಮದುವೆಯಲ್ಲಿ ಯೇಸುವೇ ದ್ರಾಕ್ಷಾರಸ ಕೊಟ್ಟರಲ್ಲ?” ಎಂದು ಕೆಲವರು ಕೇಳುತ್ತಾರೆ. ಹೌದು, ಕೊಟ್ಟರು. ಧರ್ಮಸಭೆ ದ್ರಾಕ್ಷಾರಸವನ್ನು ಪಾಪವೆಂದು ಕರೆದಿಲ್ಲ, ಮಿತಿಮೀರುವುದನ್ನು ಪಾಪವೆನ್ನುತ್ತದೆ. ಆದರೆ ಕಾನಾದಲ್ಲಿ ಮೊದಲು ಏನಾಯಿತು? ಆ ಮನೆಯವರಿಗೆ ಆಗಲಿದ್ದ ಅವಮಾನವನ್ನು ಮಾತೆ ಮರಿಯಮ್ಮ ಗಮನಿಸಿದರು. ಯಾರಿಗೂ ಸಾರದೆ ಮಗನ ಕಿವಿಗೆ ಹಾಕಿದರು. ಇನ್ನೊಬ್ಬರ ಮಾನ ಕಾಯುವ ಆ ಕಣ್ಣು ನಮ್ಮ ಮದುವೆ ಮನೆಗಳಿಗೂ ಬೇಕು.

ಇನ್ನೂ ದೊಡ್ಡ ಉದಾಹರಣೆ ಬಲಿಪೀಠದಲ್ಲಿದೆ. ಬಲಿಪೂಜೆಗೆ ದ್ರಾಕ್ಷಿಯ ಶುದ್ಧ ರಸವೇ ಬೇಕು ಎಂಬುದು ಧರ್ಮಸಭೆಯ ಕಟ್ಟುನಿಟ್ಟಿನ ನಿಯಮ. ಆದರೂ ಕುಡಿತದ ಕಾಯಿಲೆಯಿಂದ ಹೊರಬಂದ ಗುರುಗಳು ಧರ್ಮಾಧ್ಯಕ್ಷರ ಅನುಮತಿ ಪಡೆದು ‘ಮುಸ್ತುಂ’ ಎಂಬ, ಹುಳಿಯುವುದನ್ನು ತಡೆದ ತಾಜಾ ದ್ರಾಕ್ಷಿರಸವನ್ನು ಬಳಸಬಹುದು. ವಿಶ್ವಾಸ ಸಿದ್ಧಾಂತ ಪೀಠವು 2003ರ ಜುಲೈ 24ರ ಪತ್ರದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಶ್ರೀಸಾಮಾನ್ಯರೂ ರೊಟ್ಟಿಯ ರೂಪದಲ್ಲಿ ಮಾತ್ರ ಪರಮ ಪ್ರಸಾದ ಸ್ವೀಕರಿಸಿದರೆ ಕ್ರಿಸ್ತರನ್ನು ಪೂರ್ಣವಾಗಿಯೇ ಸ್ವೀಕರಿಸುತ್ತಾರೆ. ಬಲಿಪೀಠದಲ್ಲೇ ಮದ್ಯ ಮುಟ್ಟಲಾಗದವನಿಗೆ ಜಾಗ ಮಾಡಿಕೊಟ್ಟಿರುವಾಗ, ಆರತಕ್ಷತೆಯ ಮೇಜಿನಲ್ಲಿ ಜಾಗವಿಲ್ಲವೆಂದರೆ ಹೇಗೆ? ನನ್ನ ಊಟವಾಗಲಿ ಪಾನವಾಗಲಿ ಸಹೋದರನನ್ನು ಎಡವಿಸುವುದಾದರೆ ಅದನ್ನು ಬಿಡುವುದೇ ಲೇಸು ಎಂಬುದು ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಸಂತ ಪೌಲರು ಕೊಡುವ ಬೋಧನೆಯ ಸಾರ.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, “ಬೇಡ” ಎಂದವರನ್ನು ಎರಡನೆಯ ಸಲ ಕೇಳದಿರೋಣ. ಕಾರಣವನ್ನಂತೂ ಕೇಳಲೇಬಾರದು. “ಬೇಡ” ಎಂಬುದೇ ಪೂರ್ತಿ ಉತ್ತರ.

ಎರಡನೆಯದಾಗಿ, ಮದುವೆಯಲ್ಲಿ ಟೋಸ್ಟ್ ಹೇಳುವಾಗ ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಪುನರ್ಪುಳಿ ಶರಬತ್ತನ್ನೋ ದ್ರಾಕ್ಷಿ ಜ್ಯೂಸನ್ನೋ ಕೊಡೋಣ. ವಧೂವರರಿಗೆ ಹಾರೈಕೆ ತಲುಪುವುದು ಮನಸ್ಸಿನಿಂದ. ಮಕ್ಕಳೂ ಅಜ್ಜಂದಿರೂ ಬಿಟ್ಟವರೂ ಒಟ್ಟಿಗೆ ಲೋಟ ಎತ್ತಿದರೆ ಯಾರು ಏನು ಕುಡಿದರು ಎಂಬ ಪ್ರಶ್ನೆಯೇ ಏಳದು.

ಮೂರನೆಯದಾಗಿ, ಬಿಟ್ಟವರಿಗೆ ಒಳ್ಳೆಯ ಹೆಸರು ಕೊಡೋಣ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಎಲ್ಲ ಧರ್ಮದವರೂ ಸೇರುತ್ತಾರೆ. ಶಿಬಿರ ಮುಗಿಸಿದವರನ್ನು ಅವರು ‘ಮಾಜಿ ಕುಡುಕ’ ಎನ್ನುವುದಿಲ್ಲ. ‘ನವಜೀವನ’ ಸದಸ್ಯರು ಎನ್ನುತ್ತಾರೆ, ಊರಲ್ಲಿ ಅವರದೇ ಸಮಿತಿ ಕಟ್ಟುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಇದೇ ತತ್ವದ ಮೇಲೆ ನಿಂತಿದೆ: ಬಿಟ್ಟವನಿಗೆ ಬಿಟ್ಟವನೇ ಆಸರೆ, ಇವತ್ತೊಂದು ದಿನ ಕುಡಿಯದಿದ್ದರೆ ಸಾಕು. ಧರ್ಮಕೇಂದ್ರದ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಇಂಥವರಿಗೆ ಬಿಟ್ಟುಕೊಡುವುದು ಕಷ್ಟವೇನಲ್ಲ.

ನಾಲ್ಕನೆಯದಾಗಿ, ಜಾರಿ ಬಿದ್ದವನನ್ನು ನೋಡಿ “ನಾನು ಹೇಳಿರಲಿಲ್ವಾ?” ಎನ್ನದಿರೋಣ. ಜ್ವರ ಮರುಕಳಿಸಿದರೆ ಮತ್ತೆ ಮದ್ದು ಕೊಡುತ್ತೇವೆಯೇ ಹೊರತು ನಗುವುದಿಲ್ಲ. ಪಾಪನಿವೇದನೆಯ ಸಂಸ್ಕಾರದಲ್ಲಿ ದೇವರು ಎಷ್ಟನೆಯ ಸಲ ಎಂದು ಕೇಳದೆ ಕ್ಷಮಿಸುತ್ತಾರೆ. ಸಹಾಯ ಬೇಕಾದವರು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯದ ‘ಟೆಲಿ ಮಾನಸ್’ 14416ಕ್ಕೆ ಕರೆ ಮಾಡಬಹುದು.

ಪ್ರಿಯರೇ, ಸ್ನಾನಿಕ ಯೊವಾನ್ನರು ತಾವು ಕುಡಿಯಲಿಲ್ಲ, ಆದರೆ ದ್ರಾಕ್ಷಾರಸ ಕೊಟ್ಟ ಯೇಸುಸ್ವಾಮಿಯನ್ನು ಮದುವಣಿಗನೆಂದು ಕರೆದು ಅವರ ಧ್ವನಿ ಕೇಳಿ ಹಿಗ್ಗಿದರು. ಯೇಸುಸ್ವಾಮಿಯೂ ಕುಡಿಯದ ಯೊವಾನ್ನರನ್ನು ಎಲ್ಲರೆದುರು ಹೊಗಳಿದರು. ಒಬ್ಬರು ಇನ್ನೊಬ್ಬರನ್ನು ಕೆಣಕಲಿಲ್ಲ. ಈ ಮಳೆಗಾಲದ ಹಬ್ಬದಲ್ಲಿ ನಮ್ಮ ಮನೆಯ ಪಂಕ್ತಿಯೂ ಹಾಗೆಯೇ ಇರಲಿ. ಲೋಟ ಮಗುಚಿಟ್ಟು ಕೂತವನ ಎಲೆಗೂ ಅದೇ ಪ್ರೀತಿಯಿಂದ ಬಡಿಸೋಣ. ಅವನ ಮನೆಯವರು ಅಂದು ನೆಮ್ಮದಿಯಿಂದ ಉಣ್ಣಲಿ. ಸಂತ ಸ್ನಾನಿಕ ಯೊವಾನ್ನರೇ, ನಮಗಾಗಿ ಪ್ರಾರ್ಥಿಸಿರಿ.