ಮೀನಿನ ಹೊಟ್ಟೆಯಲ್ಲಿ ಹಕ್ಕಿಯ ಹುಳು

ಬೇಸಿಗೆಯಲ್ಲಿ ನೀರು ತಗ್ಗುತ್ತಿದ್ದಂತೆ ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಗಳಲ್ಲಿ ಕೆರೆಬೇಟೆಯ ಸಂಭ್ರಮ. ಬಿದಿರಿನ ಕೂಣಿ ಹಿಡಿದು ಊರಿಗೆ ಊರೇ ಕೆಸರಿಗಿಳಿಯುತ್ತದೆ. ಮನೆಗೆ ತಂದ ಮೀನನ್ನು ಸೀಳಿದಾಗ ಒಮ್ಮೊಮ್ಮೆ ಕರುಳಿನ ಸುತ್ತ ದಾರದಂಥ ಹುಳುಗಳು ಸುರುಳಿ ಸುತ್ತಿಕೊಂಡಿರುವುದುಂಟು. ಕೆರೆಯೇ ಕೆಟ್ಟಿದೆ ಎಂದು ಹೆದರಿ ಮೀನನ್ನು ತಿಪ್ಪೆಗೆ ಎಸೆಯಬೇಕೆ?

ಬೇಕಿಲ್ಲ. ಇವು ದುಂಡುಹುಳುಗಳು. ಸಿಹಿನೀರಿನ ಮೀನುಗಳಲ್ಲಿ ಹೀಗೆ ಕಾಣಿಸಿಕೊಳ್ಳುವವುಗಳಲ್ಲಿ ಅನಿಸಾಕಿಡೆ ಕುಟುಂಬದ ಕಾಂಟ್ರಾಸೀಕಮ್ ಎಂಬ ಹುಳುವಿನ ಮರಿಯೂ ಒಂದು. ಅದರ ನಿಜವಾದ ಮನೆ ಮೀನಲ್ಲ, ಹಕ್ಕಿಯ ಹೊಟ್ಟೆ!

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಮಳೆಗಾಲದಲ್ಲಿ ಗೂಡು ಕಟ್ಟುವ ನೀರುಕಾಗೆ, ಹಾವಕ್ಕಿಗಳಂಥ ಮೀನುಬಾಕ ಹಕ್ಕಿಗಳೇ ಈ ಹುಳುವಿನ ಆಶ್ರಯದಾತರು. ಹಕ್ಕಿಯ ಹಿಕ್ಕೆಯೊಂದಿಗೆ ಮೊಟ್ಟೆಗಳು ನೀರಿಗೆ ಬೀಳುತ್ತವೆ. ಒಡೆದು ಬಂದ ಮರಿಯನ್ನು ಸೈಕ್ಲಾಪ್ಸ್‌ನಂಥ ಸಣ್ಣ ನೀರುಜೀವಿ ನುಂಗುತ್ತದೆ. ಅದನ್ನು ಚಿಕ್ಕ ಮೀನು, ಚಿಕ್ಕ ಮೀನನ್ನು ದೊಡ್ಡ ಮೀನು ತಿನ್ನುತ್ತದೆ. ಮರಿಹುಳು ಮೀನಿನೊಳಗೆ ಸುರುಳಿಯಾಗಿ ಕಾಯುತ್ತದೆ. ಆ ಮೀನನ್ನು ಹಕ್ಕಿ ನುಂಗಿದಾಗಲೇ ಅದು ಬೆಳೆದು ಮೊಟ್ಟೆಯಿಡುವುದು. ಆದ್ದರಿಂದ ಹುಳುವಿದ್ದ ಮಾತ್ರಕ್ಕೆ ಕೆರೆ ಕೆಟ್ಟಿತೆನ್ನಲಾಗದು. ಹಕ್ಕಿ, ಮೀನು, ನೀರುಜೀವಿಗಳೆಲ್ಲ ಅಲ್ಲಿ ಕೂಡಿ ಬಾಳುತ್ತಿವೆ ಎಂಬುದಕ್ಕೂ ಅದು ಸಾಕ್ಷಿ.

ಹಾಗೆಂದು ಮೈಮರೆಯುವಂತಿಲ್ಲ. 1960ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ, ಹಸಿ ಹೆರಿಂಗ್ ಮೀನು ತಿಂದು ಹೊಟ್ಟೆನೋವಿನಿಂದ ನರಳಿದವರಲ್ಲಿ ಇದೇ ಕುಟುಂಬದ ಕಡಲಹುಳು ಇದ್ದುದು ವರದಿಯಾಯಿತು. ಹಾವಿನಂಥ ತಲೆಯ ಸಿಹಿನೀರು ಮೀನುಗಳಲ್ಲಿರುವ ನಾಥೋಸ್ಟೋಮಾ ಎಂಬ ಬೇರೊಂದು ದುಂಡುಹುಳು ಇನ್ನೂ ಅಪಾಯಕಾರಿ. ಹಸಿಮೀನು ತಿನ್ನುವ ರೂಢಿಯಿರುವ ಥಾಯ್ಲೆಂಡಿನಲ್ಲಿ ಅದು ಮನುಷ್ಯನ ಚರ್ಮದಡಿ ಹರಿದಾಡಿ ಬಾವು ತರುತ್ತದೆ.

ಕುದಿಕುದಿ ಬೆಂದ ಮಲೆನಾಡಿನ ಮೀನುಸಾರಿನಲ್ಲಿ ಈ ಭಯವಿಲ್ಲ. ಮೀನಿನ ಒಳಭಾಗ 60 ಡಿಗ್ರಿ ಸೆಲ್ಸಿಯಸ್ ತಲುಪಿ ಒಂದು ನಿಮಿಷ ಕಳೆದರೆ ಅನಿಸಾಕಿಡೆ ಹುಳುಗಳು ಸಾಯುತ್ತವೆ. ಎಚ್ಚರ ಬೇಕಿರುವುದು ಕೆರೆದಂಡೆಯಲ್ಲೇ ಕೆಂಡದ ಮೇಲೆ ಅರೆಬರೆ ಸುಟ್ಟು ತಿನ್ನುವಾಗ. ನಿಂಬೆಹುಳಿ ಹಿಂಡಿದರೆ, ಸ್ವಲ್ಪ ಉಪ್ಪು ಸವರಿದರೆ ಹುಳು ಸಾಯದು. ಮೀನು ಸತ್ತ ಮೇಲೆ ಕೆಲವು ಹುಳುಗಳು ಕರುಳಿನಿಂದ ಮಾಂಸಕ್ಕೆ ನುಸುಳಬಲ್ಲವು. ಆದ್ದರಿಂದ ಹಿಡಿದ ಮೀನನ್ನು ತಡಮಾಡದೆ ಸೀಳಿ ಕರುಳು ತೆಗೆಯಬೇಕು. ಆ ಕರುಳನ್ನು ಮತ್ತೆ ಕೆರೆಗೆಸೆಯದೆ, ನಾಯಿ ಬೆಕ್ಕುಗಳಿಗೂ ಹಾಕದೆ ಹೂಳುವುದು ಒಳ್ಳೆಯದು.

ಹುಳು ಕಂಡಿತೆಂದು ಗುಡವಿಯ ಹಕ್ಕಿಗಳನ್ನು ದೂರುವುದೂ ತರವಲ್ಲ. ಕೆರೆಯ ಮೀನಿನಲ್ಲಿ ಅವುಗಳಿಗೂ ಪಾಲಿದೆ. ಒಲೆಯ ಮೇಲೆ ಬೇಯಿಸಿ ತಿನ್ನುವ ಅನುಕೂಲವಿರುವುದು ಮನುಷ್ಯನಿಗೆ ಮಾತ್ರ. ಅದನ್ನು ಸರಿಯಾಗಿ ಬಳಸಿಕೊಂಡರೆ ಸಾಕು.